ಮಾವನ ಬದಲಿಗೆ ನಾನು ಕುಡಿದದ್ದು

ನಿಮ್ಮ ಮೂಗು ಎಷ್ಟು ದೂರದ ವಾಸನೆ ಹಿಡಿಯುತ್ತದೆ, ಹೇಳಿ ನೋಡೋಣ? ಪಕ್ಕದ ಮನೆಯ ಒಗ್ಗರಣೆಯವರೆಗೆ? ಬೀದಿ ಕೊನೆಯ ಬೋಂಡದ ಅಂಗಡಿಯವರೆಗೆ? ಅಷ್ಟಕ್ಕೇ ಬೀಗಬೇಡಿ. ನನಗೆ ಇಪ್ಪತ್ತು ವರ್ಷವಾಗಿದ್ದಾಗ, ಮೊದಲ ಬಸುರಿನ ಮೂರನೇ ತಿಂಗಳಲ್ಲಿ, ನಮ್ಮ ಮಾವ ಊರ ಮುಂದೆ ಬಸ್ಸಿಳಿದು ಬೀದಿಗೆ ತಿರುಗಿದರೆ ಸಾಕು, ಅವರು ಕುಡಿದು ಬಂದದ್ದು ಈಚಲ ಹೆಂಡವೋ ಸಾರಾಯಿಯೋ ಎಂದು ನಾನು ಒಲೆ ಮುಂದೆ ಕೂತೇ ಹೇಳುತ್ತಿದ್ದೆ.

ಈಗ ಆ ಮೂಗು ಹೋಗಿದೆ. ಹಾಲು ಸೀದರೂ ಮೊಮ್ಮಗಳು ಬಂದು ಹೇಳಬೇಕು. ಅದೇ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಕಲಿತ ಮೇಲೆ ಮೊದಲು ಬರೆಯಬೇಕು ಅನ್ನಿಸಿದ್ದು ಇದನ್ನೇ. ಯಾಕೆಂದರೆ ಇದರಲ್ಲಿ ನನ್ನ ಮೇಲೆ ಒಂದು ಅಪವಾದ ಇದೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಚಿಂತಾಮಣಿಯ ಹುಡುಗಿ. ಕೊಟ್ಟದ್ದು ಜಂಗಮಕೋಟೆಯ ಹತ್ತಿರದ ಒಂದು ಹಳ್ಳಿಗೆ. ಗಂಡ ಗೌರಿಬಿದನೂರಿನ ಒಂದು ಕಚೇರಿಯಲ್ಲಿ ಗುಮಾಸ್ತರು, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ, ಮಾವ, ನಾನು, ಮತ್ತು ಹುಳ.

ಹುಳ ಎಂದರೆ ರೇಷ್ಮೆ ಹುಳ. ಮನೆಯಲ್ಲಿ ಗಾಳಿ ಬೆಳಕು ಹದವಾಗಿ ಬರುವ ಒಳ್ಳೆಯ ಕೋಣೆ ಹುಳದ ಮನೆಯಾಗಿತ್ತು. ನಾವು ಮನುಷ್ಯರು ಉಳಿದ ಜಾಗದಲ್ಲಿ ಹೇಗೋ ಹೊಂದಿಕೊಂಡಿದ್ದೆವು. ಹುಳದ ಮನೆಯ ಹೊಸ್ತಿಲಲ್ಲಿ ಒಂದು ನೀರಿನ ಮಡಕೆ, ಮಡಕೆಯೊಳಗೆ ಬೇವಿನ ಸೊಪ್ಪು. ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಬೀಡಿ ಸೇದಿದವರು, ಬೆಳ್ಳುಳ್ಳಿ ಸುಲಿದವರು, ಹೆಂಡ ಕುಡಿದವರು ಹೊಸ್ತಿಲಿನ ಆಚೆಯೇ. ಹುಳಕ್ಕೆ ವಾಸನೆ ಆಗದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಲ್ಲಿಗೆ ಮುಡಿದು ಒಳಗೆ ಹೋಗಿ, ಅತ್ತೆಯಿಂದ ಆಚೆ ಹಾಕಿಸಿಕೊಂಡಿದ್ದೆ.

ಆ ಹುಳದ ಮನೆಯಲ್ಲಿ ನಮ್ಮ ಮಾವನ ಕೈ ದೊಡ್ಡ ಕೈ. ಅವರು ಜಗಲಿಯಲ್ಲಿ ಮಲಗಿ, ಗೋಡೆಗೆ ಕಿವಿ ಕೊಟ್ಟು, ಒಳಗೆ ಬಿದಿರಿನ ತಟ್ಟೆಗಳಲ್ಲಿ ಹುಳ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಕೇಳಿ, "ಬಲಗಡೆ ಮೇಲಿನ ತಟ್ಟೆಗೆ ಸೊಪ್ಪು ಸಾಲ್ತಿಲ್ಲ ಕಣೇ" ಎನ್ನುತ್ತಿದ್ದರು. ಅತ್ತೆ ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ಅಕ್ಕಪಕ್ಕದ ಊರಿನವರು ತಮ್ಮ ಹುಳ ತೋರಿಸಲು ಅವರನ್ನು ಕರೆದುಕೊಂಡು ಹೋಗುತ್ತಿದ್ದರು.

ಅವರದು ಸಂತೆ ದಿನದ ಕುಡಿತ. ಶಿಡ್ಲಘಟ್ಟಕ್ಕೆ ಹೋದರೆ ಕುಡಿದೇ ಬರುವರು. ಬೈಯುವವರಲ್ಲ, ಹೊಡೆಯುವವರಲ್ಲ. ಬಂದು ಜಗಲಿಯಲ್ಲಿ ಕೂತು ತಮ್ಮಷ್ಟಕ್ಕೆ ನಗುವರು. ಬೆಳಿಗ್ಗೆ ತಲೆ ಮೇಲೆ ನೀರು ಹಾಕಿಕೊಂಡ ಮೇಲೆಯೇ ಹುಳದ ಮನೆಗೆ ಕಾಲಿಡುವರು. ಬರಬರುತ್ತಾ ಸಂತೆ ದಿನ ವಾರಕ್ಕೆ ಎರಡಾಯಿತು, ಮೂರಾಯಿತು. ಸಂತೆಯೇ ಇಲ್ಲದ ಊರುಗಳಲ್ಲೂ ಅವರಿಗೆ ಸಂತೆ ಸಿಗುತ್ತಿತ್ತು.

ಮುಂದಿನದು ತಿಳಿಯಬೇಕಾದರೆ ಹುಳದ ಒಂದು ಸಂಗತಿ ಹೇಳಬೇಕು. ಮೊಟ್ಟೆಯಿಂದ ಬಂದ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಮೇಯುವುದನ್ನು ನಿಲ್ಲಿಸುತ್ತದೆ. ತಲೆ ಎತ್ತಿಕೊಂಡು, ಅಲ್ಲಾಡದೆ, ಒಂದು ದಿನದ ಮೇಲೆ ಹಾಗೇ ಕೂತಿದ್ದು, ಹಳೆ ಚರ್ಮ ಬಿಟ್ಟು ಎದ್ದು ಬರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕೂ ದಾಟಿ ಗೂಡು ಕಟ್ಟಲು ಸಿದ್ಧವಾದರೆ ಹುಳ ಹಣ್ಣಾಯಿತು ಎನ್ನುತ್ತೇವೆ. ಹುಳ ಜ್ವರಕ್ಕೆ ಕೂತಾಗ ಒಂದು ಎಲೆಯನ್ನೂ ಹಾಕಬಾರದು. ಇದು ನಮ್ಮ ಊರಿನಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಒಂದು ಸಂತೆಯ ಸಂಜೆ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಜ್ವರಕ್ಕೆ ಕೂತಾಗ ನಮಗೆ ಕೆಲಸವಿರುವುದಿಲ್ಲ, ಹಾಗಾಗಿ ಅತ್ತೆ ನಾನು ಬಾವಿಗೆ ಹೋಗಿದ್ದೆವು. ತಿರುಗಿ ಬರುವಷ್ಟರಲ್ಲಿ ಮಾವ ಬಂದು, ಹುಳದ ಮನೆಯ ಬಾಗಿಲು ತೆಗೆದು, ಮಾರನೆಯ ದಿನಕ್ಕೆಂದು ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟಿದ್ದ ಸೊಪ್ಪನ್ನೆಲ್ಲ ತಂದು ಎಲ್ಲ ತಟ್ಟೆಗಳ ಮೇಲೂ ಸುರಿದಿದ್ದರು. ನಾವು ಎಷ್ಟು ತೆಗೆದರೂ ಆಗಿದ್ದು ಆಗಿತ್ತು. ಐದಾರು ದಿನದಲ್ಲಿ ಹುಳ ಮೆತ್ತಗಾಗಿ ಕಪ್ಪಾಯಿತು. ಬುಟ್ಟಿ ಬುಟ್ಟಿ ಹೊತ್ತು ತೋಟದ ಮೂಲೆಯ ಗುಂಡಿಗೆ ಹಾಕಿ ಮಣ್ಣೆಳೆದೆವು. ಮಾವ ಗುಂಡಿ ತೋಡಿದರು.

ಅತ್ತೆ ಅಳಲಿಲ್ಲ. ಹುಳದ ಮನೆಯನ್ನು ಸಾರಿಸಿ, ಸುಣ್ಣ ಬಳಿದು, ಬಾಗಿಲಿಗೆ ಚಿಲಕ ಹಾಕಿ, ಜಗಲಿಗೆ ಬಂದು ಹೇಳಿದರು:

"ಇನ್ಮೇಲೆ ನೀವು ಒಳಕ್ಕೆ ಬರಬೇಡಿ. ಒಂದು ಬೆಳೆ ಪೂರ್ತಿ ಮುಟ್ಟದೆ ಇದ್ದು ತೋರ್ಸಿ. ಮೊಟ್ಟೆ ಒಡೆದಾಗಿಂದ ಹಣ್ಣಾಗೋವರ್ಗೂ. ಆಮೇಲೆ ಈ ಹೊಸ್ತಿಲು ದಾಟಿ."

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಆಗ್ಲಿ" ಎಂದರು. ಹೊಸ ಮೊಟ್ಟೆ ತಂದ ಮೇಲೆ ಅವರ ಕೆಲಸ ಸೊಪ್ಪು ಕೊಯ್ದು ಬುಟ್ಟಿಯನ್ನು ಹೊಸ್ತಿಲಲ್ಲಿ ಇಡುವುದಷ್ಟೇ. ಇಟ್ಟು, ಮುಚ್ಚಿದ ಬಾಗಿಲಿಗೆ ಕೇಳುವರು: "ಎಷ್ಟನೇ ಜ್ವರ?" ಒಳಗಿನಿಂದ ಅತ್ತೆ ಹೇಳುವರು: "ಯಾಕೆ ಬೇಕು?"

ಹುಳದ ಮನೆಗೆ ಹೋಗಲಾರದೆ ಆ ಮನುಷ್ಯ ಒಣಗಿಹೋದರು. ಬಿಡಬೇಕು ಎಂದು ಅವರಿಗೇ ಇತ್ತು. ಎಂಟು ದಿನ ಬಿಡುವರು, ಒಂಬತ್ತನೇ ದಿನ ಕಾಲು ಅತ್ತ ಎಳೆಯುತ್ತಿತ್ತು.

ಅತ್ತೆ ಉಪಾಯ ಹುಡುಕತೊಡಗಿದರು. ಚಿಕ್ಕಬಳ್ಳಾಪುರದಲ್ಲಿ ಯಾರೋ ಕೊಡುವ ಪುಡಿಯನ್ನು ಊಟದಲ್ಲಿ ಬೆರೆಸಿದರೆ ಹೆಂಡ ಕಂಡರೆ ಹೇಸಿಗೆಯಾಗುತ್ತದೆ ಎಂದು ಕೇಳಿ, ತರಿಸಿ, ಬಸ್ಸಾರಿಗೆ ಹಾಕಿದರು. ಅವತ್ತು ಮಾವ ಯಾರದೋ ಮನೆಯಲ್ಲಿ ಉಂಡು ಬಂದರು. ಸಾರು ಚೆಲ್ಲಲು ಮನಸ್ಸಾಗದೆ ಅತ್ತೆಯೇ ಉಂಡು, ಎರಡು ದಿನ ಹಿತ್ತಲಿಗೂ ನಡುಮನೆಗೂ ಓಡಾಡಿದರು. ಅವತ್ತಿನಿಂದ ನಮ್ಮತ್ತೆ ಒಂದು ತೊಟ್ಟು ಹೆಂಡ ಮುಟ್ಟಿಲ್ಲ ಎಂದು ನಾನು ಹೇಳಿ ಬೈಸಿಕೊಂಡೆ.

ಆಮೇಲೆ ನನ್ನ ತವರಿನ ಕಡೆಯದೊಂದು ಭಜನೆ ಮೇಳ. ಅಲ್ಲಿ ಸೇರಿದವರು ಕುಡಿತ ಬಿಡುತ್ತಾರೆ ಎಂದು ನಮ್ಮಮ್ಮ ಹೇಳಿಕಳಿಸಿದ್ದಳು. ಮಾವನನ್ನು ಕರೆದುಕೊಂಡು ನಾನೇ ಚಿಂತಾಮಣಿಗೆ ಹೋದೆ. ಮಾವ ಚೆನ್ನಾಗಿ ತಾಳ ಹಾಕಿದರು. ಮಂಗಳಾರತಿಯಾದ ಮೇಲೆ ಮೇಳದವರು "ಗಂಟಲು ಸರಿ ಮಾಡ್ಕೊಂಡು ಬರಣ" ಎಂದು ಈಚಲ ಮರಗಳ ಕಡೆ ಹೊರಟರು. ಹೊಸಬರು, ದೂರದಿಂದ ಬಂದವರು ಎಂದು ಮೊದಲ ಮಡಕೆಯ ಮರ್ಯಾದೆ ನಮ್ಮ ಮಾವನಿಗೇ. ಎರಡು ಹೊಸ ಪದ ಕಲಿತು ಬಂದರು, ಅಷ್ಟೇ ಲಾಭ.

ಕೊನೆಗೆ ದಾರಿ ಸಿಕ್ಕಿದ್ದು ನನ್ನ ವಾಂತಿಯಿಂದ. ಬಸುರು ನಿಂತ ಮೇಲೆ ಏನೂ ಉಳಿಯುತ್ತಿರಲಿಲ್ಲ. ಅತ್ತೆ ನನ್ನನ್ನು ಶಿಡ್ಲಘಟ್ಟದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಿಟಕಿಯ ಆಚೆ ಕಾಂಪೌಂಡರು ನಮ್ಮ ಸೀಸೆಗೆ ಗುಲಾಬಿ ಬಣ್ಣದ ಔಷಧಿ ಹುಯ್ಯುತ್ತಿದ್ದರು. ಅತ್ತೆ ಕಿಟಕಿಗೆ ಬಾಯಿ ಕೊಟ್ಟು ಪಿಸುಗುಟ್ಟಿದರು:

"ಸ್ವಾಮಿ, ಇನ್ನೊಂದು ಔಷಧಿ ಬೇಕಿತ್ತು. ಊಟದಲ್ಲಿ ಕಲಸಿಕೊಡೋದು."

"ಯಾರಿಗಮ್ಮ?"

"ನಮ್ಮ ಯಜಮಾನ್ರಿಗೆ. ಕುಡಿಯೋದು ಬಿಡ್ಸಕ್ಕೆ. ಅವರಿಗೆ ಗೊತ್ತಾಗಬಾರ್ದು."

ಕಾಂಪೌಂಡರು ಸೀಸೆಗೆ ಬಿರಡೆ ಒತ್ತಿದರು. ಐವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಮನುಷ್ಯ. "ಅಂಥ ಪುಡಿ ಇದ್ದಿದ್ರೆ ನಮ್ಮಮ್ಮ ನಂಗೆ ಯಾವತ್ತೋ ಹಾಕಿರೋಳು" ಎಂದರು. "ಶುಕ್ರವಾರ ಮೂರು ಗಂಟೆಗೆ ಅವರನ್ನ ಕಳ್ಸಿ. ಸಾಹೇಬರ ಚರಕದ ಶೆಡ್ಡಲ್ಲಿ ನಾವು ನಾಲ್ಕು ಜನ ಕೂರ್ತೀವಿ. ಎಲ್ಲಾ ಬಿಟ್ಟೋರು. ಇಲ್ಲ, ಬಿಡಬೇಕು ಅಂತ ಇರೋರು."

"ಕೂತು ಏನ್ ಮಾಡ್ತೀರಿ?"

"ಮಾತಾಡ್ತೀವಿ."

ಮಾತಾಡಿದರೆ ಬಿಡುವುದಾಗಿದ್ದರೆ ನಮ್ಮತ್ತೆಯ ಮಾತಿಗೆ ಅರ್ಧ ತಾಲ್ಲೂಕೇ ಬಿಡಬೇಕಿತ್ತು. ಆದರೂ ಅತ್ತೆ ಒಪ್ಪಿದರು. ಪ್ರತಿ ಶುಕ್ರವಾರ ಅವರೇ ಹೋಗುವಂತಿರಲಿಲ್ಲ, ಹುಳ ಬಿಟ್ಟು ಬರಲಾಗದು. "ಇವಳು ಹೋಗ್ಲಿ" ಎಂದರು. "ಹೆಂಗೂ ವಾರ ವಾರ ಔಷಧಿ ತರಬೇಕು. ಇವಳ ಮೂಗಿಂದ ತಪ್ಪಿಸ್ಕೊಂಡು ಅವರು ಎಲ್ಲಿಗೆ ಹೋಗ್ತಾರೆ."

ಚರಕ ಎಂದರೆ ಗೂಡಿನಿಂದ ನೂಲು ತೆಗೆಯುವ ಯಂತ್ರ, ಸಾಹೇಬರು ಎಂದರೆ ಆ ಶೆಡ್ಡಿನ ಮುಸಲ್ಮಾನ ಮಾಲೀಕರು. ಕುದಿಯುವ ನೀರಿನಲ್ಲಿ ಗೂಡು ತೇಲಿಸಿ ಎಳೆ ಹಿಡಿದು ಸುತ್ತುತ್ತಾರೆ. ಎಳೆ ಮುಗಿದ ಮೇಲೆ ಒಳಗಿನ ಬೆಂದ ಹುಳ ಉಳಿಯುತ್ತದಲ್ಲ, ಅದನ್ನು ಶೆಡ್ಡಿನ ಹೊರಗೆ ಒಣಗಲು ಹರಡಿರುತ್ತಾರೆ. ಆ ವಾಸನೆಯನ್ನು ಬರೆಯುವ ಅಕ್ಷರ ಈ ಫೋನಿನಲ್ಲಿ ಇಲ್ಲ. ಶುಕ್ರವಾರ ನಮಾಜಿನ ದಿನವಾದ್ದರಿಂದ ಚರಕಗಳು ನಿಂತಿದ್ದವು, ವಾಸನೆಗೆ ಮಾತ್ರ ರಜೆಯಿರಲಿಲ್ಲ. ನಾನು ಬಾಗಿಲಲ್ಲೇ ವಾಂತಿ ಮಾಡಿಕೊಂಡೆ.

ಸಾಹೇಬರ ತಾಯಿ ಒಳಬಾಗಿಲಿನ ಪರದೆ ಸರಿಸಿ ಬಂದು ನನ್ನ ಭುಜ ಹಿಡಿದರು. "ಆಜಾ ಬೇಟಿ, ಇಲ್ಲಿ ಕೂತ್ಕೋ. ಎಷ್ಟು ತಿಂಗಳು?"

"ಮೂರು."

ಅವರು ಪರದೆಯ ಪಕ್ಕ ಒಂದು ಮಣೆ ಹಾಕಿ, ಬಾಯಿಗೆ ಏಲಕ್ಕಿ ಕೊಟ್ಟರು. ಅಲ್ಲಿಂದ ಗಂಡಸರು ಕಾಣುತ್ತಿದ್ದರು. ತಣ್ಣಗಾದ ಒಲೆಗಳ ನಡುವೆ ಗೋಣಿಚೀಲ ಹಾಸಿಕೊಂಡು ಕಾಂಪೌಂಡರು, ಒಬ್ಬ ಜಟಕಾ ಓಡಿಸುವವನು, ಇನ್ನಿಬ್ಬರು ಕೂತಿದ್ದರು.

ಮಾವ ಮೂಗಿಗೆ ಟವೆಲ್ ಹಿಡಿದು ನಿಂತೇ ಇದ್ದರು. "ಊರಲ್ಲಿ ಬೇರೆ ಜಾಗ ಇರ್ಲಿಲ್ವಾ ಸ್ವಾಮಿ?"

"ಇತ್ತು" ಎಂದರು ಕಾಂಪೌಂಡರು. "ಇಲ್ಲಿ ಒಂದು ಅನುಕೂಲ. ಯಾರ ಬಾಯಿ ವಾಸನೆನೂ ಯಾರಿಗೂ ಬರಲ್ಲ. ಕುಡಿದು ಬಂದೋನೂ ತಲೆ ಎತ್ಕೊಂಡು ಒಳಕ್ಕೆ ಬರಬೋದು. ಕೂತ್ಕೊಳಿ."

ನನ್ನ ಮೂಗು ಅಲ್ಲಿ ಕೆಲಸಕ್ಕೆ ಬಾರದಾಯಿತು.

ಕಾಂಪೌಂಡರು ತಮ್ಮ ಕಥೆ ಹೇಳಿದರು. ಹಿಂದೆ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿದ್ದಾಗ ಒಬ್ಬ ಪಾದ್ರಿ ಡಾಕ್ಟರು ಇವರ ಕೈ ನಡುಗುವುದನ್ನು ನೋಡಿ, ಹೊರದೇಶಗಳಲ್ಲಿ ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಅದರಿಂದ ಎಷ್ಟೋ ಜನಕ್ಕೆ ಗುಣವಾಗಿದೆ ಎಂದಿದ್ದರಂತೆ. ಶಿಡ್ಲಘಟ್ಟದಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲದೆ ಇವರು ಮೊದಲು ಆ ಜಟಕಾದವನನ್ನು ಹಿಡಿದರಂತೆ.

"ಇಲ್ಲಿ ಆಣೆ ಇಲ್ಲ, ಬುದ್ಧಿ ಹೇಳೋದಿಲ್ಲ" ಎಂದರು. "ಹೇಳ್ಬೇಕು ಅನ್ನಿಸಿದ್ರೆ ಹೇಳಿ. ಇಲ್ಲಾಂದ್ರೆ ಕೂತಿದ್ದು ಎದ್ದೋಗಿ. ಸರಿ, ಯಜಮಾನ್ರೇ, ಇಲ್ಲಿಗೆ ಬಂದಿದ್ದು?"

ನಾಲ್ಕು ಜೊತೆ ಕಣ್ಣು ಮಾವನ ಮೇಲೆ ಬಿದ್ದವು. ಇಡೀ ಹೋಬಳಿಯಲ್ಲಿ ಹುಳದ ಕೈ ಎಂದು ಹೆಸರಾದವರು, ಮನೆಗೆ ಬಂದವರ ಮುಂದೆ ಮಣೆ ಮೇಲೆ ಕೂರುವವರು. ಅವರ ಕಿವಿ ಕೆಂಪಾಯಿತು. ಟವೆಲ್ಲನ್ನು ಹಿಂಡಿದರು.

"ನಮ್ಮ ಸೊಸೇನ ಕರ್ಕೊಂಡ್ ಬಂದೆ" ಎಂದರು. "ಅವಳಿಗೆ ಸ್ವಲ್ಪ... ಅಭ್ಯಾಸ ಇದೆ."

ಪಕ್ಕದಲ್ಲಿ ಸಾಹೇಬರ ತಾಯಿಯ ಕೈಯಿಂದ ಅಡಕೆ ಬಿತ್ತು. ಜಟಕಾದವನು "ಅಯ್ಯೋ ದೇವುಡಾ" ಎಂದ. ಕಾಂಪೌಂಡರಿಗೆ ನಿಜ ಗೊತ್ತಿತ್ತು, ಅತ್ತೆ ಕಿಟಕಿಯಲ್ಲಿ ಹೇಳಿದ್ದನ್ನು ಅವರು ಮರೆತಿರಲಿಲ್ಲ. ಆದರೂ ಅವರ ಮುಖ ಒಂದಿಷ್ಟೂ ಬದಲಾಗಲಿಲ್ಲ. ಪರದೆಯ ಕಡೆ ತಿರುಗಿ, ಔಷಧಿ ಕೊಡುವಾಗಿನ ದನಿಯಲ್ಲೇ ಕೇಳಿದರು:

"ಎಷ್ಟು ದಿನದಿಂದ ತಾಯಿ?"

ನಾನು ಮಾವನ ಬೆನ್ನು ನೋಡಿದೆ. ಇಲ್ಲ ಎಂದರೆ ಅವರು ಎದ್ದು ಹೋಗುತ್ತಾರೆ. ಹೋದರೆ ಇನ್ನು ಯಾವ ಬಾಗಿಲೂ ಉಳಿದಿಲ್ಲ, ಹುಳದ ಮನೆಯದಂತೂ ಇಲ್ಲವೇ ಇಲ್ಲ.

"ಮದುವೆ ಆದಾಗಿಂದ ಸ್ವಾಮಿ" ಎಂದೆ.

"ಅದಾದ್ಮೇಲೆ ಯಾರ್ ತಾನೆ ಕುಡಿಯಲ್ಲ ಬಿಡಮ್ಮ" ಎಂದ ಜಟಕಾದವನು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಾವ ಮುಂದಿನ ಸೀಟಿನಲ್ಲಿ ಕೂತಿದ್ದರು. ಊರು ದಾಟಿದ ಮೇಲೆ ಅರ್ಧ ಕತ್ತು ತಿರುಗಿಸಿದರು.

"ಅದೇನೋ ಬಾಯಿಗೆ ಬಂದ್ಬಿಡ್ತಮ್ಮ."

"ಇರ್ಲಿ ಬಿಡಿ ಮಾವ. ಮುಂದಿನ ಶುಕ್ರವಾರಾನೂ ಬರ್ಬೇಕಂತೆ. ನನ್ನಂಥ ಕುಡುಕಿ ಒಬ್ಬಳನ್ನೇ ಕಳಿಸ್ತೀರಾ? ದಾರೀಲಿ ಹೆಂಡದಂಗಡಿ ಬೇರೆ ಇದೆ."

ಮಾವನ ಹೆಗಲು ಅಲ್ಲಾಡಿತು. ನಗುತ್ತಿದ್ದರೋ ಏನೋ, ಹಿಂದಿನಿಂದ ಕಾಣಲಿಲ್ಲ.

ಎರಡನೇ ಶುಕ್ರವಾರ ಕಾಂಪೌಂಡರು, "ಈ ವಾರ ಹೆಂಗಿತ್ತಮ್ಮ?" ಎಂದರು. ನಾನು ಹೇಳಿದೆ. ಕುಡಿದವಳಲ್ಲವಾದರೂ ಕುಡಿದವರನ್ನು ನೋಡಿದವಳು. "ಸಂತೆ ದಿನ ಬೆಳಿಗ್ಗೆಯಿಂದ್ಲೇ ನಾಲಿಗೆ ಒಣಗುತ್ತೆ ಸ್ವಾಮಿ" ಎಂದೆ. ಗಂಡಸರು ತಲೆದೂಗಿದರು. ಮಾವ ಮಾತ್ರ ನೆಲ ನೋಡುತ್ತಾ ಕಸಿವಿಸಿಗೊಂಡರು.

ಅವತ್ತು ಬಸ್ಸಿನಲ್ಲಿ ಅರ್ಧ ಕತ್ತು ತಿರುಗಿತು. "ಮೊದಲು ಒಣಗೋದು ನಾಲಿಗೆ ಅಲ್ಲ ಕಣಮ್ಮ. ಅಂಗೈ ಬೆವರುತ್ತೆ. ಆಮೇಲೆ ಯಾರಾದ್ರೂ ಮಾತಾಡಿಸಿದ್ರೆ ಸಿಟ್ಟು ಬರುತ್ತೆ. ನಾಲಿಗೆ ಎಲ್ಲಾ ಕೊನೆಗೆ."

ಮೂರನೇ ಶುಕ್ರವಾರ ನಾನು ಅಂಗೈಯಿಂದ ಶುರು ಮಾಡಿದೆ. ಅವತ್ತು ತಲೆದೂಗಿದ ರೀತಿಯೇ ಬೇರೆ. ಒಬ್ಬ ತನ್ನ ಅಂಗೈಯನ್ನು ತೊಡೆಗೆ ಒರೆಸಿಕೊಂಡ. ಕಾಂಪೌಂಡರು ನನ್ನನ್ನು ಕೇಳುತ್ತಿದ್ದರು, ನೋಡುತ್ತಿದ್ದುದು ಮಾವನನ್ನು. ಹೀಗೆ ಮಾವ ಬಸ್ಸಿನಲ್ಲಿ ನನಗೆ ಹೇಳುವುದು, ನಾನು ಶೆಡ್ಡಿನಲ್ಲಿ ಅವರಿಗೆ ಹೇಳುವುದು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗುತ್ತಿತ್ತು. ಗಂಡಸರು ಸುಮ್ಮನೆ ಕೂತು ನನ್ನ ಮಾತು ಕೇಳಿದ್ದು ಜೀವನದಲ್ಲಿ ಅದೇ ಮೊದಲು.

ಆದರೆ ಶೆಡ್ಡಿಗೆ ಗೋಡೆಗಳಿದ್ದರೂ ಶಿಡ್ಲಘಟ್ಟಕ್ಕೆ ಬಾಯಿಯಿತ್ತು. ಒಂದು ಬುಧವಾರ ಮಧ್ಯಾಹ್ನ, ಬರುವ ದಿನವಲ್ಲದ ದಿನ, ಗೌರಿಬಿದನೂರಿನಿಂದ ನನ್ನ ಗಂಡ ಬೆವರು ಸುರಿಸಿಕೊಂಡು ಬಂದರು. ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನೀನು ಶಿಡ್ಲಘಟ್ಟದಲ್ಲಿ ಅದೇನೋ ಸಭೆಗೆ ಹೋಗ್ತಿದ್ಯಂತೆ."

"ಹೋಗ್ತಿದೀನಿ."

"ಕುಡಿಯೋರ ಸಭೆಗೆ."

"ಹೂಂ."

ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಈಗ... ಬಿಟ್ಟಿದೀಯಾ?"

"ಪ್ರಯತ್ನ ಪಡ್ತಿದೀನಿ" ಎಂದೆ.

ಹುಳದ ಮನೆಯ ಹೊಸ್ತಿಲಲ್ಲಿ ಸೊಪ್ಪು ಹೆಚ್ಚುತ್ತಿದ್ದ ಅತ್ತೆ ನಕ್ಕುಬಿಟ್ಟರು. ಗುಂಡಿಗೆ ಮಣ್ಣೆಳೆದ ದಿನದಿಂದ ಅವರು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನಕ್ಕು ನಕ್ಕು, ಕುಡುಗೋಲು ಕೆಳಗಿಟ್ಟು, ಮಗನಿಗೆ ನಿಜ ಹೇಳಿದರು. ಗಂಡ ನನ್ನ ಮುಖ ನೋಡಿ, "ನೀನೊಬ್ಬಳು" ಎಂದಷ್ಟೇ ಹೇಳಿ ಸಂಜೆಯ ಬಸ್ಸಿಗೆ ಹಿಂದಿರುಗಿದರು. ಜಗಲಿಯಲ್ಲಿ ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು. ಅವತ್ತು ಊಟಕ್ಕೆ ಏಳಲಿಲ್ಲ. ಆ ಶುಕ್ರವಾರ ಬಸ್ಸಿನಲ್ಲೂ ಅವರ ಕತ್ತು ತಿರುಗಲಿಲ್ಲ.

ಅವರು ಏನೂ ಹೇಳಿಕೊಡದ ಕಾರಣ ನನಗೆ ಹೇಳಲು ಹೊಸದೇನೂ ಇರಲಿಲ್ಲ. ಹಾಗಾಗಿ ಅವತ್ತು ಶೆಡ್ಡಿನಲ್ಲಿ ಗುಂಡಿಗೆ ಹಾಕಿದ ಬೆಳೆಯ ಕಥೆ ಹೇಳಿದೆ, ನಾನೇ ಮಾಡಿದಂತೆ.

"ಅವತ್ತು ಸಂತೆ ಸ್ವಾಮಿ. ಕುಡಿದು ಬಂದೆ. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ವು. ಮತ್ತಲ್ಲಿ ಅದು ಮರೆತೋಯ್ತು. ಸೊಪ್ಪು ಹಾಕ್ಬಿಟ್ಟೆ."

"ಮರೀಲಿಲ್ಲ."

ಹೇಳಿದ್ದು ಮಾವ. ತಲೆ ತಗ್ಗಿಸಿಯೇ ಇದ್ದರು.

"ಇವಳಿಗೇನು ಗೊತ್ತು" ಎಂದರು. "ಹುಳ ಜ್ವರಕ್ಕೆ ಕೂತಿದ್ದು ಮರೆಯೋ ಅಷ್ಟು ನಾನು ಯಾವತ್ತೂ ಕುಡಿದಿಲ್ಲ. ಕುಡಿಯೋಳು ಇವಳಲ್ಲ ಸ್ವಾಮಿ. ನಾನು. ಬಾಗ್ಲು ತೆಗೆದೆ, ದೀಪ ಹಿಡಿದೆ. ಎಲ್ಲಾ ತಟ್ಟೇಲೂ ಎಲ್ಲಾ ಹುಳಾನೂ ತಲೆ ಎತ್ಕೊಂಡು ಕೂತಿದ್ವು. ಒಂದೂ ಅಲ್ಲಾಡ್ತಿಲ್ಲ. ಸದ್ದಿಲ್ಲ. ನನ್ನೇ ನೋಡ್ತಿದಾವೆ ಅನ್ನಿಸ್ತು. ಈ ಕಡೆ ತಿರುಗಿದ್ರೆ ಈ ಕಡೆಯಿಂದ, ಆ ಕಡೆ ತಿರುಗಿದ್ರೆ ಆ ಕಡೆಯಿಂದ. ತಡ್ಕೊಳಕ್ಕಾಗ್ಲಿಲ್ಲ. ಸೊಪ್ಪು ತಂದು ಮುಚ್ಚಿಬಿಟ್ಟೆ."

ನನಗೂ ಅದು ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಮತ್ತಿನಲ್ಲಿ ಮರೆತರು ಎಂದೇ ನಾವು ಇಷ್ಟು ದಿನ ಅಂದುಕೊಂಡಿದ್ದೆವು.

ಜಟಕಾದವನು ಕೂತಲ್ಲಿಂದಲೇ ಮಾವನ ಕಡೆ ಸರಿದ. "ನನ್ನ ಕುದುರೆನೂ ಹಂಗೇ ನೋಡ್ತಿತ್ತು ಯಜಮಾನ್ರೇ" ಎಂದ. "ಅದರ ಕಣ್ಣಿಗೆ ಪಟ್ಟಿ ಕಟ್ಟಿ ಆಮೇಲೆ ಅಂಗಡಿಗೆ ಹೋಗ್ತಿದ್ದೆ."

ಮಾವ ತಲೆ ಎತ್ತಿ ಅವನನ್ನು ನೋಡಿದರು. ಆಮೇಲೆ ಅವನು ಕೇಳುವುದು, ಇವರು ಹೇಳುವುದು, ಇನ್ನೊಬ್ಬ ನಡುವೆ ಬಾಯಿ ಹಾಕುವುದು. ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಏಳುವಾಗ ಕಾಂಪೌಂಡರು ಪರದೆಯ ಕಡೆ ನೋಡಿ, "ತಾಯಿ, ನಿಂಗೆ ವಾಸಿಯಾಯ್ತು ಅನ್ಕೋತೀನಿ" ಎಂದರು.

ಆಮೇಲಿನ ಶುಕ್ರವಾರಗಳಲ್ಲಿ ಮಾವ ಗೋಣಿಚೀಲದ ಮೇಲೆ ಎಲ್ಲರ ನಡುವೆ ಕೂರುತ್ತಿದ್ದರು. ಬಿಟ್ಟು ಎಷ್ಟು ದಿನವಾಯಿತು ಎಂದು ಇತರರು ಹೇಳುವಾಗ ಅವರು ಮಾತ್ರ ಹುಳದ ಲೆಕ್ಕದಲ್ಲಿ ಹೇಳುವರು: "ಒಂದನೇ ಜ್ವರ ದಾಟ್ತು." ಅದು ಅಲ್ಲಿ ಎಲ್ಲರ ಬಾಯಿಗೂ ಹತ್ತಿತು. ಹುಳ ಸಾಕದ ಜಟಕಾದವನೂ, "ನಿನ್ನೆ ಸಾಯಂಕಾಲ ಜ್ವರಕ್ಕೆ ಕೂತಿದ್ದೆ, ಬೆಳಿಗ್ಗೆ ಎದ್ದೆ" ಎನ್ನತೊಡಗಿದ. ಕುಡಿಯಬೇಕೆಂಬ ಆಸೆ ಬಂದಾಗ ಏನು ಮಾಡುತ್ತೀರಿ ಎಂದು ಒಬ್ಬ ಕೇಳಿದ್ದಕ್ಕೆ ಮಾವ, "ಹುಳ ಏನ್ ಮಾಡುತ್ತೆ? ಸುಮ್ನೆ ಕೂತಿರುತ್ತೆ. ನಾನೂ ಕೂತಿರ್ತೀನಿ" ಎಂದರು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಆಗ ಮನೆಯಲ್ಲಿದ್ದ ಬೆಳೆ ಮೂರನೇ ಜ್ವರಕ್ಕೆ ಬಂದಿದ್ದಾಗ ಒಂದು ಸಂಜೆ ಬೀದಿಯ ತಿರುವಿನಿಂದಲೇ ನನ್ನ ಮೂಗಿಗೆ ಸುದ್ದಿ ಬಂತು. ಈಚಲು. ಮಾವ ಅಂಗಳಕ್ಕೆ ಬಂದು ನಿಂತರು. ಅತ್ತೆ ನನ್ನ ಕಡೆ ತಿರುಗಿದರು.

"ಏನಾದ್ರೂ ಬರ್ತಿದ್ಯೇನೇ?"

ಶೆಡ್ಡಿನಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದವಳಿಗೆ ಮನೆಯ ಅಂಗಳದಲ್ಲಿ ನಾಲಿಗೆ ಹೊರಳಲಿಲ್ಲ. ಹೌದೆಂದರೆ ಮಾವ ಹೊಸ್ತಿಲಿನ ಆಚೆ, ಇಲ್ಲವೆಂದರೆ ಹುಳಕ್ಕೆ ಅಪಾಯ.

"ಅವಳನ್ನ ಕೇಳ್ಬೇಡ" ಎಂದರು ಮಾವ. "ಕುಡಿದಿದೀನಿ."

ಬೈಗುಳ ಬರುತ್ತದೆ ಎಂದು ನಾನು ಕಾದೆ. "ಹಂಗಾದ್ರೆ ಮತ್ತೆ ಮೊಟ್ಟೆಯಿಂದ" ಎಂದು ಅತ್ತೆ ಒಳಗೆ ಹೋದರು. ಒಂದು ಚೊಂಬು ಮಜ್ಜಿಗೆ ತಂದು ಜಗಲಿಯ ಮೇಲಿಟ್ಟರು. ಮುಂದಿನ ಶುಕ್ರವಾರ ಮಾವ ಶೆಡ್ಡಿನಲ್ಲಿ ಎಲ್ಲರಿಗಿಂತ ಮೊದಲು ಅದನ್ನೇ ಹೇಳಿದರು. ಆ ಬೆಳೆ ಅವರ ಕೈಯಿಲ್ಲದೆಯೇ ಗೂಡಾಯಿತು. ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ಮತ್ತೆ ಮೊಟ್ಟೆ ತಂದೆವು. ಮೊಟ್ಟೆ ಒಡೆದ ದಿನ ಮಾವ ಬಾಗಿಲ ಹೊರಗೆ ನಿಂತು, "ಇವತ್ತಿಂದ" ಎಂದರು. ಈ ಸಲ ಅವರು "ಎಷ್ಟನೇ ಜ್ವರ?" ಎಂದು ಕೇಳಿದರೆ ಒಳಗಿನಿಂದ ಅತ್ತೆಯ ಉತ್ತರ ಬರುತ್ತಿತ್ತು: "ಎರಡನೇದಕ್ಕೆ ಕೂತಿದಾವೆ." "ಮೂರನೇದು ಎದ್ದಾವೆ, ಸೊಪ್ಪು ಎಳೇದು ತನ್ನಿ." ಗೋಡೆಯ ಆಚೆ ಈಚೆ ಕೂತು ಅವರಿಬ್ಬರೂ ಸೇರಿಯೇ ಆ ಬೆಳೆ ಮಾಡಿದರು. ಸಂತೆಗೆ ಹೋಗುವಾಗ ಮಾವ ಆಸ್ಪತ್ರೆಯ ಕಿಟಕಿಗೆ ಹೋಗಿ ಕಾಂಪೌಂಡರಿಗೆ ಮುಖ ತೋರಿಸಿ, ಜಟಕಾದವನ ಗಾಡಿ ಹತ್ತಿ ಬಸ್ಸಿನವರೆಗೆ ಬರುವರು. ಅವನು ಯಾವ ಅಂಗಡಿಯ ಮುಂದೂ ಗಾಡಿ ನಿಲ್ಲಿಸುತ್ತಿರಲಿಲ್ಲ. ನಾಲ್ಕನೇ ಜ್ವರದ ಎರಡು ದಿನ ಮಾವ ಮನೆ ಬಿಟ್ಟು ಕದಲಲೇ ಇಲ್ಲ. ಜಗಲಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಹುಳ ಹಣ್ಣಾಗುವ ದಿನ ಬಂತು. ಹಣ್ಣಾದ ಹುಳ ಮೇಯುವುದನ್ನು ಬಿಟ್ಟು, ಮೈ ತಿಳಿಯಾಗಿ, ದೀಪಕ್ಕೆ ಹಿಡಿದರೆ ಬೆಳಕು ದಾಟುತ್ತದೆ. ಅದನ್ನು ಆರಿಸಿ ಚಂದ್ರಿಕೆಯ ಮೇಲೆ, ಅಂದರೆ ಬಿದಿರಿನ ಸುರುಳಿ ಪಟ್ಟಿ ಕಟ್ಟಿದ ಚಾಪೆಯ ಮೇಲೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು ಮಾಡಿಕೊಳ್ಳುತ್ತದೆ. ಕೈ ಎಷ್ಟಿದ್ದರೂ ಸಾಲದ ದಿನ ಅದು. ನನಗೆ ಆಗ ಏಳನೇ ತಿಂಗಳು, ಬಗ್ಗಲು ಆಗುತ್ತಿರಲಿಲ್ಲ.

ಬೆಳಗಿನ ಹೊತ್ತು ಮಾವ ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು, ಹುಳದ ಮನೆಯ ಹೊಸ್ತಿಲಿಗೆ ಬಂದು ನಿಂತರು. ಅತ್ತೆ ಒಳಗಿನಿಂದ ಹೊಸ್ತಿಲಿಗೆ ಬಂದರು. ಮೊಟ್ಟೆ ಒಡೆದಾಗಿನಿಂದ ಹಣ್ಣಾಗುವವರೆಗೂ ಎಂದು ಹೇಳಿದ್ದವರು ಅವರೇ. ಆದರೂ ನನ್ನನ್ನು ಕೂಗಿದರು.

"ಬಾರೇ ಇಲ್ಲಿ. ನೋಡು."

ಮಾವ ಸಣ್ಣ ಹುಡುಗನ ಹಾಗೆ ನನ್ನ ಮುಂದೆ ತಲೆ ಬಗ್ಗಿಸಿದರು. ನಾನು ಮೂಗು ಹತ್ತಿರ ತಂದು ಉಸಿರೆಳೆದೆ. ಈಗ ಹೇಳುತ್ತೇನೆ, ಆಗ ಯಾರಿಗೂ ಹೇಳಿರಲಿಲ್ಲ: ತಿಂಗಳು ತುಂಬುತ್ತಾ ಬಂದ ಹಾಗೆ ನನ್ನ ಮೂಗಿನ ಚುರುಕು ಹೊರಟುಹೋಗಿತ್ತು. ಆ ವಾರವಂತೂ ನೆಗಡಿ ಬೇರೆ. ಒಂದು ಬ್ಯಾರಲ್ ಹೆಂಡ ತಂದಿಟ್ಟರೂ ನನಗೆ ತಿಳಿಯುತ್ತಿರಲಿಲ್ಲ. ಆದರೆ ಅವತ್ತು ಅಂಗಳದಲ್ಲಿ "ಅವಳನ್ನ ಕೇಳ್ಬೇಡ" ಎಂದಿದ್ದ ಮನುಷ್ಯ ಇವತ್ತು ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕುಡಿದಿದ್ದರೆ ಅವರೇ ಹೇಳಿಬಿಡುತ್ತಿದ್ದರು. ನನಗೆ ಅದೇ ಸಾಕಾಗಿತ್ತು.

"ಸೊಪ್ಪಿನ ವಾಸನೆ ಅತ್ತೆ" ಎಂದೆ. "ಬೇರೆ ಏನೂ ಇಲ್ಲ."

ಅತ್ತೆ ಮಡಕೆಯಿಂದ ಬೇವಿನ ನೀರು ಮೊಗೆದು ಅವರ ಕೈಗೆ ತಾವೇ ಹುಯ್ದರು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ಮಾವ ಒಳಗೆ ಹೋದರು. ಒಂದು ಕ್ಷಣ ತಟ್ಟೆಗಳ ನಡುವೆ ಸುಮ್ಮನೆ ನಿಂತು ನಾಲ್ಕೂ ಕಡೆ ನೋಡಿದರು. ಆಮೇಲೆ ಒಂದು ಹುಳವನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಚಂದ್ರಿಕೆಯ ಸುರುಳಿಯೊಳಗೆ ಬಿಟ್ಟರು. ಇನ್ನೊಂದು. ಮತ್ತೊಂದು. ಅವರ ಬೆರಳು ನಡುಗುತ್ತಿದ್ದವು. ಅತ್ತೆ ಎದುರು ಬದಿಯಲ್ಲಿ ನಿಂತು ತಮ್ಮ ಪಾಡಿಗೆ ಆರಿಸುತ್ತಿದ್ದರು, ಅತ್ತ ನೋಡಲೇ ಇಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಬಾಗಿಲಿಗೆ ಒರಗಿಕೊಂಡು, "ಏನ್ ಮಾವ, ಹೋಬಳಿಗೇ ದೊಡ್ಡ ಕೈ ಅಂತಾರೆ, ಹಿಂಗೆ ನಡುಗ್ತಿದೆ? ನಾನು ಬಂದು ಹಿಡ್ಕೊಳ್ಲಾ?" ಎಂದೆ.

ಮಾವ ಕೈಯಲ್ಲಿದ್ದ ಹುಳವನ್ನು ಜೋಪಾನವಾಗಿ ಸುರುಳಿಯೊಳಗೆ ಬಿಟ್ಟು, ತಿರುಗದೆಯೇ ಹೇಳಿದರು:

"ನೀನು ಆಚೇನೇ ನಿಂತ್ಕೋ ತಾಯಿ. ಕುಡಿಯೋರು ಹುಳದ ಮನೆ ಒಳಕ್ಕೆ ಬರಂಗಿಲ್ಲ."